ಕಾರ್ಟ್ರಿಜ್ ಬದಲಿಸಿದ ಮೇಲೆ ನದಿ ನೀರಿನ ಫಲಿತಾಂಶವೂ ಬದಲಾಗಿದೆ, ಏನು ಮಾಡಲಿ?

ಪ್ರಶ್ನೆ:
ನದಿ ನೀರಿನಲ್ಲಿ ಕರಗಿರುವ ಸಾವಯವ ವಸ್ತು, ಅಂದರೆ ಡಿಒಎಂ ಮೇಲೆ ಕೆಲಸ ಮಾಡುತ್ತಿದ್ದೇನೆ. ಹಳೆಯ ಸ್ಯಾಂಪಲ್‌ಗಳಿಗೆ ಸಿ18 ಕಾರ್ಟ್ರಿಜ್ (ನೀರು ಹಾಯಿಸಿದಾಗ ಸಾವಯವ ಅಣುಗಳನ್ನು ಹಿಡಿದಿಡುವ ಪುಟ್ಟ ಕೊಳವೆ) ಬಳಸಿದ್ದರು. ನಾನು ಪಿಪಿಎಲ್ ಅನ್ನುವ ಇನ್ನೊಂದು ಬಗೆಯ ಕಾರ್ಟ್ರಿಜ್ ಬಳಸುತ್ತಿದ್ದೇನೆ. ಜಾಗ ಅದೇ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಕೂಡ ಅದೇ. ಆದರೆ ಈ ಸಲ ನೈಟ್ರೋಜನ್ ಇರುವ ಅಣುಗಳು ಜಾಸ್ತಿ ಕಾಣುತ್ತಿವೆ. ನದಿಗೆ ಕೊಳಚೆ ಸೇರುತ್ತಿದೆ ಅಂತ ಬರೆಯಬಹುದಾ? ಇನ್ನೊಂದು ತೊಂದರೆ, ಕಾರ್ಬನ್ ರಿಕವರಿ, ಅಂದರೆ ನೀರಿನಲ್ಲಿದ್ದ ಸಾವಯವ ಕಾರ್ಬನ್‌ನಲ್ಲಿ ವಾಪಸ್ ಸಿಕ್ಕ ಪಾಲು, ಶೇ. 100 ದಾಟುತ್ತಿದೆ.

ಉತ್ತರ:
ದಯವಿಟ್ಟು ಈಗಲೇ ಹಾಗೆ ಬರೆಯಬೇಡಿ. ಸಿ18 ಅಂದರೆ ಉದ್ದನೆಯ ಕಾರ್ಬನ್ ಸರಪಳಿ ಅಂಟಿಸಿದ ಸಿಲಿಕಾ. ಅದು ನೀರಿಗೆ ಒಗ್ಗದ ಅಣುಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಪಿಪಿಎಲ್ ಸ್ಟೈರೀನ್-ಡೈವಿನೈಲ್‌ಬೆಂಜೀನ್ ಪಾಲಿಮರ್. ನೀರಿಗೆ ಹೆಚ್ಚು ಒಗ್ಗುವ ಪೋಲಾರ್ ಅಣುಗಳನ್ನೂ, ನೈಟ್ರೋಜನ್ ಇರುವ ಹಲವನ್ನೂ ಹಿಡಿಯುತ್ತದೆ. ನದಿ ಸ್ವಲ್ಪವೂ ಬದಲಾಗದಿದ್ದರೂ ನಿಮಗೆ ಇದೇ ಫಲಿತಾಂಶ ಬರಬಹುದು, ಅಲ್ವಾ?

ಹೊಸ ನೀರನ್ನೇ ಎರಡು ಪಾಲು ಮಾಡಿ, ಎರಡೂ ಕಾರ್ಟ್ರಿಜ್‌ನಲ್ಲಿ ಹಾಯಿಸಿ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕೆ ತನ್ನಿ. ನೀರಿನ ಅಳತೆ, ಹಾಯಿಸುವ ವೇಗ ಎರಡಕ್ಕೂ ಒಂದೇ ಇರಲಿ. ಹೋಲಿಕೆಗೆ ಬರೀ ಶುದ್ಧ ನೀರನ್ನೂ (ಬ್ಲ್ಯಾಂಕ್) ಹೀಗೆಯೇ ಜೊತೆಗೇ ಹಾಯಿಸಿ. ಆಗ ಕಾರ್ಟ್ರಿಜ್‌ನಿಂದ ಬಂದ ವ್ಯತ್ಯಾಸ ಎಷ್ಟು ಅನ್ನುವುದು ಕಾಣುತ್ತದೆ.

ರಿಕವರಿ ವಿಷಯಕ್ಕೆ ಬಂದರೆ, ನನಗೆ ಅನುಮಾನ ಮೆಥನಾಲ್ ಮೇಲೆ, ಅಂದರೆ ಕಾರ್ಟ್ರಿಜ್ ಹಿಡಿದ ಅಣುಗಳನ್ನು ತೊಳೆದು ಹೊರತೆಗೆಯುವ ದ್ರಾವಕದ ಮೇಲೆ. ಅದೂ ಸಾವಯವ ಕಾರ್ಬನ್ನೇ, ಕಾರ್ಬನ್ ಅಳೆಯುವ ಯಂತ್ರ ಅದನ್ನೂ ಎಣಿಸುತ್ತದೆ. ಹೀಗೆ ಹೊರತೆಗೆದ ದ್ರಾವಣವೇ ಎಕ್ಸ್‌ಟ್ರಾಕ್ಟ್. ಎಕ್ಸ್‌ಟ್ರಾಕ್ಟ್‌ನ ಒಂದು ಪಾಲನ್ನು ನೈಟ್ರೋಜನ್ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಶುದ್ಧ ನೀರಿನಲ್ಲಿ ಕರಗಿಸಿ, ಆಮೇಲೆ ಅಳೆಯಿರಿ.

ಮತ್ತೆ ಪ್ರಶ್ನೆ:
ಒಣಗಿಸಿ ಅಳೆದೆ, ಶೇ. 60ರ ಹತ್ತಿರ ಬಂತು. ಧನ್ಯವಾದ! ಉಳಿದದ್ದು ಎಲ್ಲಿ ಹೋಯಿತು?

ಉತ್ತರ:
ಪಿಪಿಎಲ್‌ಗೆ ಅದು ಸಹಜವಾದ ಸಂಖ್ಯೆ. ಸಕ್ಕರೆಯಂಥ, ನೀರನ್ನು ಬಿಡದ ಅಣುಗಳು ಹಿಡಿತಕ್ಕೆ ಸಿಗದೆ ಹೊರಗೆ ಹರಿದುಹೋಗುತ್ತವೆ. ಕೆಲವು ಅಂಟಿಕೊಂಡು ಮೆಥನಾಲ್‌ಗೂ ಬಿಡುವುದಿಲ್ಲ. ಒತ್ತಡ ಹಾಕಿ ಪೊರೆಯ ಮೂಲಕ ನೀರನ್ನು ಬೇರ್ಪಡಿಸುವ ರಿವರ್ಸ್ ಆಸ್ಮೋಸಿಸ್‌ನಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ, ಆದರೆ ಉಪ್ಪೂ ಜೊತೆಗೇ ದಟ್ಟವಾಗುತ್ತದೆ. ಲ್ಯಾಬ್‌ಗಳು ಹೋಲಿಕೆಗೆ ಬಳಸುವ, ಅಮೆರಿಕದ ಸುವಾನೀ ನದಿಯ ಸ್ಟ್ಯಾಂಡರ್ಡ್‌ಗಳನ್ನೇ ನೋಡಿ. ರಿವರ್ಸ್ ಆಸ್ಮೋಸಿಸ್‌ನಿಂದ ತೆಗೆದದ್ದು ಒಂದು, ಎಕ್ಸ್‌ಎಡಿ-8 ರೆಸಿನ್‌ನಿಂದ ತೆಗೆದ ಫಲ್ವಿಕ್ ಆಸಿಡ್ ಇನ್ನೊಂದು. ನದಿ ಒಂದೇ ಆದರೂ ಅವೆರಡನ್ನು ಒಂದೇ ವಸ್ತು ಅಂತ ಯಾರೂ ಬಳಸುವುದಿಲ್ಲ.

ಕೊಳಚೆಯ ಪ್ರಶ್ನೆಗೆ ಮೂಲ ನೀರಿನಲ್ಲೇ ಫ್ಲೋರೆಸೆನ್ಸ್, ಅಂದರೆ ಬೆಳಕು ಬಿಟ್ಟಾಗ ಅಣುಗಳು ಹೊರಸೂಸುವ ಬೆಳಕು, ನೋಡಿ. ಪ್ರೋಟೀನ್ ತರಹದ ಸಿಗ್ನಲ್ ಅಲ್ಲೂ ಏರಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಕಾರ್ಟ್ರಿಜ್ ದಾಟಿ ಹೊರಬಂದ ನೀರಿನಲ್ಲೂ ಅದನ್ನು ಅಳೆಯಿರಿ, ಏನು ತಪ್ಪಿಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಮತ್ತೆ, ಎಕ್ಸ್‌ಟ್ರಾಕ್ಟನ್ನು ಮೆಥನಾಲ್‌ನಲ್ಲಿ ಸುಮ್ನೆ ತಿಂಗಳುಗಟ್ಟಲೆ ಇಡಬೇಡಿ. ಅದು ಕಾರ್ಬಾಕ್ಸಿಲಿಕ್ ಆಸಿಡ್‌ಗಳ ಜೊತೆ ಸೇರಿ ಎಸ್ಟರ್ ಆಗಬಹುದು. ಆಗ 14.016 ಡಾಲ್ಟನ್ ಹೆಚ್ಚಿರುವ, ನದಿಯಲ್ಲಿ ಇಲ್ಲದ ಅಣುಗಳ ಪೀಕ್‌ಗಳು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಹುಟ್ಟಿಕೊಳ್ಳುತ್ತವೆ.