ದೊಡ್ಡಪ್ಪನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಅನುಭವವಿರುವವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ, 71 ವರ್ಷದ ನಮ್ಮ ದೊಡ್ಡಪ್ಪನವರಿಗೆ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ದೃಢಪಟ್ಟಿದೆ. ಕ್ಯಾನ್ಸರ್ ಎಷ್ಟು ತೀವ್ರ ಸ್ವರೂಪದ್ದೆಂದು ತಿಳಿಸುವ ಗ್ಲೀಸನ್ ಅಂಕ 8, ಅಂದರೆ ತೀವ್ರ ಸ್ವರೂಪದ್ದು, ಎಂದು ವರದಿಯಲ್ಲಿದೆ. ಬೋನ್ ಸ್ಕ್ಯಾನ್‌ನಲ್ಲಿ ಸೊಂಟದ ಮೂಳೆಯ ಒಂದು ಕಡೆ ಗುರುತು ಕಂಡಿದ್ದು, ಅದು ಹರಡಿದ ಕ್ಯಾನ್ಸರೋ ಅಥವಾ ಕೇವಲ ವಯಸ್ಸಿನ ಸವೆತವೋ ಎಂಬುದನ್ನು ತಿಳಿಯಲು ಪಿಎಸ್‌ಎಂಎ ಪೆಟ್ ಸ್ಕ್ಯಾನ್ (ಪ್ರಾಸ್ಟೇಟ್ ಕ್ಯಾನ್ಸರ್ ದೇಹದಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸಬೇಕೆಂದು ವೈದ್ಯರು ಹೇಳಿದ್ದಾರೆ. ಹರಡಿರದಿದ್ದರೆ ಗುಣಪಡಿಸುವ ಉದ್ದೇಶದಿಂದಲೇ ರೇಡಿಯೇಷನ್ ಮತ್ತು ಹಾರ್ಮೋನ್ ಚಿಕಿತ್ಸೆ, ಹರಡಿದ್ದರೆ ರೋಗವನ್ನು ಹತೋಟಿಯಲ್ಲಿಡುವ ಚಿಕಿತ್ಸೆ ಎಂಬುದು ಅವರ ಮಾತು. ಇನ್ನೆಷ್ಟು ವರ್ಷ ಎಂಬ ಪ್ರಶ್ನೆಗೆ ಈಗಲೇ ಯಾರೂ ಉತ್ತರ ಕೊಡಲಾರರೆಂದು ನಮಗೆ ಅರ್ಥವಾಗಿದೆ. ಆದರೆ ದೊಡ್ಡಮ್ಮ ದಿನವೂ ಕೇಳುವುದು ಅದನ್ನೇ.

ಕ್ಯಾನ್ಸರ್ ಬೆಳೆಯಲು ನೆರವಾಗುವ ಪುರುಷ ಹಾರ್ಮೋನನ್ನು ತಗ್ಗಿಸುವ ಈ ಹಾರ್ಮೋನ್ ಚಿಕಿತ್ಸೆಗೆ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳಬಹುದು, ಇಲ್ಲವೇ ಶಸ್ತ್ರಚಿಕಿತ್ಸೆಯಿಂದ ವೃಷಣಗಳನ್ನು ತೆಗೆಸಬಹುದು. ಎರಡನೆಯದಕ್ಕೆ ಖರ್ಚು ಕಡಿಮೆಯಾದರೂ ಒಮ್ಮೆ ಮಾಡಿಸಿದ ಮೇಲೆ ಬದಲಿಸಲಾಗದು. ಅದನ್ನು ದೊಡ್ಡಪ್ಪನವರೆದುರು ಹೇಗೆ ಪ್ರಸ್ತಾಪಿಸಬೇಕೆಂದೇ ತೋಚುತ್ತಿಲ್ಲ. ಅಣ್ಣಂದಿರು ರೋಗದ ಹೆಸರನ್ನೇ ಅವರಿಂದ ಮುಚ್ಚಿಡೋಣ ಎನ್ನುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ, ಏಕೆಂದರೆ ಇದು ಅವರ ದೇಹ, ನಿರ್ಧಾರವೂ ಅವರದೇ ಆಗಬೇಕು.

ಮನೆಯ ಹಿರಿಯರಿಗೆ ಈ ಚಿಕಿತ್ಸೆ ಕೊಡಿಸಿದವರು ದಯವಿಟ್ಟು ತಿಳಿಸಿ: ವಿಷಯವನ್ನು ಅವರಿಗೆ ಯಾರು, ಹೇಗೆ ಹೇಳಿದಿರಿ? ಹಾರ್ಮೋನ್ ಚಿಕಿತ್ಸೆಯ ಅಡ್ಡಪರಿಣಾಮಗಳಾದ ಮೈ ಬಿಸಿಯೇರಿ ಬೆವರುವುದು, ಸುಸ್ತು, ಮೂಳೆ ಸವಕಳಿ ಇವುಗಳನ್ನು ಹೇಗೆ ನಿಭಾಯಿಸಿದಿರಿ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ವಾರಗಟ್ಟಲೆ ರೇಡಿಯೇಷನ್ ಪಡೆಯಬೇಕಾಗಿ ಬಂದರೆ, ಜೊತೆಗಿರುವವರು ಕಡಿಮೆ ಖರ್ಚಿನಲ್ಲಿ ಉಳಿಯಲು ಹತ್ತಿರದಲ್ಲಿ ಎಲ್ಲಿ ಅನುಕೂಲವಿದೆ ಎಂಬುದನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.