ಸಹಾಯ ಬೇಕು: ಫ್ಲೈಓವರ್ ಡಿಸೈನ್ ಬಿಟ್ಟು ಜನ ನಡೆಯೋ ರಸ್ತೆ ಕಡೆ ಬರ್ಬೇಕು

ಎಲ್ರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರ್, 9 ವರ್ಷದಿಂದ ರಸ್ತೆ ಅಗಲ ಮಾಡೋದು, ಫ್ಲೈಓವರ್ ಡಿಸೈನ್, ಇದೇ ಕೆಲ್ಸ. ಹೋದ್ ತಿಂಗ್ಳು ಒಂದ್ ಸಿಗ್ನಲ್ ಹತ್ರ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿದ್ದೆ, ರಸ್ತೆ 22 ಮೀಟರ್ ಅಗಲ, ನಡೆಯೋರಿಗೆ ಹಸಿರು ದೀಪ ಬರೀ 15 ಸೆಕೆಂಡು, ನಾವು ಲೆಕ್ಕಕ್ಕೆ ಹಿಡಿಯೋ ಸೆಕೆಂಡಿಗೆ 1.2 ಮೀಟರ್ ನಡಿಗೇಲೇ 18 ಸೆಕೆಂಡ್ ಮೇಲೆ ಬೇಕು, ಇನ್ನು ಕೋಲು ಊರ್ಕೊಂಡು ಬಂದ ಅಜ್ಜಿ ಮಧ್ಯದಲ್ಲೇ ಸಿಕ್ಕಾಕೊಂಡು ಚೀಲ ಎದೆಗೆ ಅವಚ್ಕೊಂಡು ನಿಂತ್ಬಿಟ್ರು. ಅದು ಕಣ್ಮುಂದಿಂದ ಹೋಗ್ತಾನೇ ಇಲ್ಲ. ಅವತ್ತಿಂದ ಬ್ರೆಜಿಲ್‌ನ ಕುರಿಟಿಬಾ ನಗರದಲ್ಲಿ 1974ರಲ್ಲೇ ಬಸ್ಸಿಗೆ ಅಂತ ಬೇರೆ ದಾರಿ ಬಿಟ್ಟಿದ್ದು, ಕೊಲಂಬಿಯಾದ ಬೊಗೋಟಾದಲ್ಲಿರೋ ಟ್ರಾನ್ಸ್‌ಮಿಲೇನಿಯೋ ಅನ್ನೋ ಅದೇ ಥರದ ಬಸ್ ವ್ಯವಸ್ಥೆ, ಇದನ್ನೇ ಓದ್ತಾ ಕೂತಿದೀನಿ.

ನಗರ ಸಾರಿಗೆ ಪ್ಲಾನಿಂಗ್ ಕಡೆ ಹೋಗ್ಬೇಕು ಅಂತ ತುಂಬಾ ಆಸೆ. ಈ ಫೀಲ್ಡಲ್ಲಿ ಇರೋರು ದಯವಿಟ್ಟು ಹೇಳಿ, ಮಾಸ್ಟರ್ಸ್ ಮಾಡ್ಲೇಬೇಕಾ, ಇಲ್ಲ ಕ್ಯೂಜಿಐಎಸ್ (ನಕ್ಷೆ ಮಾಡೋ ಸಾಫ್ಟ್‌ವೇರ್), ಟ್ರಾಫಿಕ್ ಸಿಮ್ಯುಲೇಶನ್ ಕಲ್ತು ಅದೇ ಜಂಕ್ಷನ್ನಿಗೆ ಒಂದು ಹೊಸ ಡಿಸೈನ್ ಮಾಡಿ ತೋರ್ಸಿದ್ರೆ ಕೆಲ್ಸ ಕೊಡ್ತಾರಾ? ಸಂಬಳ ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ. ಸಿಗ್ನಲ್ ಟೈಮಿಂಗ್ ಗೊತ್ತಿರೋರು ಯಾರಾದ್ರೂ ನನ್ನ ಲೆಕ್ಕ ಒಂದ್ಸಲ ನೋಡ್ಕೊಟ್ರೆ ದೊಡ್ಡ ಉಪಕಾರ ಆಗುತ್ತೆ, ಮೆಸೇಜ್ ಮಾಡಿ.