ಅಳ್ಯಾರು ಹಾಲ್‌ನ್ಯಾಗ ಮಲಗಾಕತ್ತಾರಂತ ಕೇಳಿದ್ದಕ್ಕ

ತಂಗಿ, "ದೊಡ್ಡವ್ವ, ಆರು ತಿಂಗಳಾತು, ಇವರು ಹಾಲ್‌ನ್ಯಾಗ ಮಲಗ್ತಾರ, ಮಾತಿಲ್ಲ ಕತಿಯಿಲ್ಲ, ಬ್ಯಾರೆ ಯಾರರ ಅದಾರೇನು" ಅಂತ ಹಾಕಿದ್ದೆಲ್ಲ, ಕೇಳಿಲ್ಲಿ. ಗ್ರೂಪಿನಾಗ ಎಲ್ಲಾರೂ ಹೆಣ್ಮಕ್ಕಳ ಅದೀವಿ, ಬಿಚ್ಚೇ ಹೇಳ್ತೀನಿ.

ಗದಗಿನ ಅಕ್ಕನೂ ನಿನ್ನಂಗ ಸಂಶೆ ಪಟ್ಟಾಕಿ. ಮಾಮಾರಿಗೆ ಇದ್ದದ್ದು ಸಕ್ಕರಿ ಬ್ಯಾನಿ. ಸಕ್ಕರಿ ಏರಿದ್ರ ಸಣ್ಣ ರಕ್ತನಾಳ, ನರ ಕೆಡ್ತಾವ, ಗಂಡಸಿಗೆ ಗಟ್ಟಿ ಆಗೂದಿಲ್ಲ. ಆ ನಾಚಿಕಿಗೆ ಹಾಸಿಗಿ ಬ್ಯಾರೆ ಮಾಡಿದ್ರು. ಯಾರಿಗೂ ಹೇಳದ, ಗಟ್ಟಿ ಆಗಾಕ ಕೊಡೋ ಸಿಲ್ಡೆನಾಫಿಲ್ ಗುಳಿಗಿ ತಂದು ನುಂಗಿದ್ರು. ಎದಿನೋವಿಗೆ ಸಾರ್ಬಿಟ್ರೇಟ್ ಗುಳಿಗಿ ಮದಲ ನಡದಿತ್ತು. ಎರಡೂ ಕೂಡಿದ್ರ ಬಿಪಿ ಧಡಕ್ಕನ ಇಳೀತೈತಿ. ಬಚ್ಚಲ ಬಾಗಲದಾಗ ಬಿದ್ರು. ಅಂಗಿ ಕಿಸೆದಾಗ ನಾಕು ಗುಳಿಗಿ ಪಟ್ಟಿ, ಅದರಾಗ ಒಂದು ಒಡದಿತ್ತು. ಅದನ್ನ ತೋರಿಸಿದ ಮ್ಯಾಲೇ ಡಾಕ್ಟರಿಗೆ ತಿಳೀತು. ಡಾಕ್ಟರಿಗೆ ಕೇಳದ ಆ ಗುಳಿಗಿ ಮನಿಗೆ ತರಬ್ಯಾಡ್ರಿ.

ಅಕ್ಕನ ಮೈ ಯಾರು ಕೇಳಿದ್ರವಾ? ಮುಟ್ಟು ನಿಲ್ಲೋ ಹೊತ್ತಿನಾಗ ಈಸ್ಟ್ರೋಜೆನ್ ಅನ್ನೋ ಹೆಣ್ಣಿನ ಹಾರ್ಮೋನು ಇಳದು ಒಳಗ ಒಣಗತೈತಿ, ಕೂಡಿದ್ರ ಉರಿ. ರಾತ್ರಿ ಬೆವತು ನಿದ್ದಿ ಹಾರತೈತಿ. ಆಕಿ ನೋವಿಗೆ ಬ್ಯಾಡ ಅಂದ್ಲು, ಅವರು ತಾವ ಬ್ಯಾಡಾದ್ವಿ ಅಂತ ತಿಳಕೊಂಡ್ರು. ಅತ್ತಿಯವರು "ಮೊಮ್ಮಕ್ಕಳು ಬರೋ ವಯಸ್ಸಿನಾಗ ಏನದು" ಅಂದ್ರು. ಬಾಣಂತನಕ್ಕ ತಿಂಗಳಗಟ್ಲೆ ಎಣ್ಣಿ ನೀರು ಎರೆಯೋ ಮನ್ಯಾಗ, ಮುಟ್ಟು ನಿಲ್ಲಾಕಿನ್ನ "ಹೆಂಗದೀ" ಅಂತ ಕೇಳೋರಿಲ್ಲ. ಆ ಸಿಟ್ಟು ನನಗ ಇನ್ನೂ ಇಳದಿಲ್ಲ.

ಅಯ್ಯ, ಮುಖ್ಯದ್ದ ಮರತೆ. ಮಲಗೋ ಹೊತ್ತಿನಾಗ ಕೇಳಬ್ಯಾಡ. ಸಂಜಿಕ ಉಣಕಲ್ ಕೆರಿ ಕಡೆ ಅಡ್ಡಾಡಾಕ ಹೋದಾಗ, "ಇಬ್ಬರೂ ರಕ್ತ ತೋರಸೂಣು" ಅನ್ನು. ಮುಂಜಾನೆ ಖಾಲಿ ಹೊಟ್ಟಿಲೆ, 8 ತಾಸು ನೀರು ಬಿಟ್ರ ಏನೂ ಬ್ಯಾಡ. ಅಳ್ಯಾರಿಗೆ ಫಾಸ್ಟಿಂಗ್ ಶುಗರ್, ಬಿಪಿ, ಕೊಲೆಸ್ಟ್ರಾಲ್, ಎಚ್‌ಬಿಎ1ಸಿ. ಅದು ಹಿಂದಿನ 3 ತಿಂಗಳ ಸಕ್ಕರಿ ಲೆಕ್ಕ, 6.5 ಮುಟ್ಟಿದ್ರ ಸಕ್ಕರಿ ಬ್ಯಾನಿ ಅಂತ. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಬರದುಕೊಟ್ರ ಮುಂಜಾನೆ 10 ಗಂಟೆ ಒಳಗ ರಕ್ತ ಕೊಡ್ಬೇಕು. ಗಂಡಸರ ಈ ತ್ರಾಸು ಒಮ್ಮೊಮ್ಮೆ ಎದಿ ಬ್ಯಾನಿದು ಮದಲನೇ ಸುಳಿವು, ಅದಕ್ಕ ಮುಚ್ಚಿಡಬಾರದು. ನಿನಗ ಥೈರಾಯ್ಡ್ ನೋಡೋ ಟಿಎಸ್‌ಎಚ್, ಹಿಮೋಗ್ಲೋಬಿನ್. ಒಣಗಿದ್ದಕ್ಕ ಮೆಡಿಕಲ್ ಅಂಗಡ್ಯಾಗ ನೀರಿನಂಶದ ಜೆಲ್ ಸಿಗತೈತಿ; ನಿರೋಧ್ ಬಳಸಿದ್ರ ಕೊಬ್ಬರಿ ಎಣ್ಣಿ ಹಚ್ಚಬ್ಯಾಡ, ರಬ್ಬರ್ ಹರೀತೈತಿ. ತಾಳಲಿಲ್ಲಂದ್ರ ಈಸ್ಟ್ರೋಜೆನ್ ಕ್ರೀಮ್ ಡಾಕ್ಟರ ಬರದುಕೊಡ್ಬೇಕು. ಮುಟ್ಟು ನಿಂತು 12 ತಿಂಗಳಾದ ಮ್ಯಾಲೆ ರಕ್ತ ಕಂಡ್ರ ತಡಾ ಮಾಡಬ್ಯಾಡ, ತೋರಸು. ಮನಸ್ಸು ಭಾರಾದ್ರ ಧಾರವಾಡದಾಗ ಡಿಮ್ಹಾನ್ಸ್ ಮನೋರೋಗ ಆಸ್ಪತ್ರಿ ಐತಿ, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕ ಫೋನ್ ಹಚ್ಚಿದ್ರೂ ಆತು.

ಮತ್ತ ಹೇಳ್ತೀನಿ, ಕೇಳದ ಗುಳಿಗಿ ಬ್ಯಾಡ. ಅಳ್ಯಾರು ನುಂಗೋ ಪಟ್ಟಿ ಎಲ್ಲಾ ಕೈಚೀಲದಾಗ ಹಾಕ್ಕೊಂಡು ಹೋಗು. ರಕ್ತ ಕೊಟ್ಟ ಮ್ಯಾಲೆ ತಿನ್ನಾಕ ಡಬ್ಬ್ಯಾಗ ಇಬ್ಬರಿಗೂ ಅವಲಕ್ಕಿ ಕಟ್ಟಿಕೋ.